ಹುಳ ಬೀಳಲ್ಲ ಅಂತೀರಲ್ಲ, ಎಷ್ಟು ವರ್ಷ?

ಅಮೆರಿಕದ ಫ್ಲಾರಿಡಾದಲ್ಲಿ ಮನೆ ಮುಂದಿನ ಹುಲ್ಲಿಗೆ ಏನಾಯ್ತು ಅನ್ನೋದು ನಮಗ್ಯಾಕೆ ಅನ್ನಬೇಡಿ. ಹತ್ತಿ ಹಾಕುವವರು ಓದಲೇಬೇಕು.

ಅಲ್ಲಿ ಲಾನ್‌ಗೆ ಸೇಂಟ್ ಅಗಸ್ಟೀನ್ ಅನ್ನುವ ಹುಲ್ಲು ಹಾಕ್ತಾರೆ. ಅದಕ್ಕೆ ಕಾಟ ಕೊಡೋದು ಚಿಂಚ್ ಬಗ್, ರಸ ಹೀರುವ ಪುಟ್ಟ ತಿಗಣೆ. ಬಿಸಿಲಿಗೆ ಹುಲ್ಲು ಅಲ್ಲಲ್ಲಿ ಹಳದಿಯಾಗಿ ಒಣಗುತ್ತೆ. ನೀರು ಸಾಲಲಿಲ್ಲ ಅಂದುಕೊಂಡು ಜನ ಮತ್ತಷ್ಟು ನೀರು ಬಿಡ್ತಾರೆ. (ನಮ್ಮಲ್ಲೂ ಇದೇ ತಾನೆ!) 1973ರಲ್ಲಿ ಫ್ಲಾರಿಡಾ ಮತ್ತು ಟೆಕ್ಸಾಸ್ ವಿಶ್ವವಿದ್ಯಾಲಯಗಳು ಸೇರಿ ಫ್ಲೋರಾಟ್ಯಾಮ್ ಅನ್ನುವ ತಳಿ ಕೊಟ್ಟವು. ಅದರ ರಸ ಕುಡಿದ ತಿಗಣೆ ಉಳಿಯುತ್ತಿರಲಿಲ್ಲ. ಎಲ್ಲರೂ ಅದನ್ನೇ ಹಾಕಿದರು. ಬೀಜದ ಹುಲ್ಲಲ್ಲ, ಬಳ್ಳಿ ಕಿತ್ತು ನೆಡುವಂಥದ್ದು. ಅಂದ್ರೆ ಊರಿಗೆ ಊರೇ ಒಂದೇ ಗಿಡದ ತುಂಡು. ಲಕ್ಷ ತಿಗಣೆಯಲ್ಲಿ ಹೇಗೋ ಬದುಕಿದ ನಾಲ್ಕರ ಮಕ್ಕಳಿಗೆ ಎಲ್ಲೆಲ್ಲೂ ಊಟ. 1985ರ ಹೊತ್ತಿಗೆ ಫ್ಲೋರಾಟ್ಯಾಮನ್ನೇ ತಿಂದು ಬೆಳೆಯುವ ತಿಗಣೆ ಬಂದೇಬಿಟ್ಟಿತು. ಹನ್ನೆರಡು ವರ್ಷ, ಅಷ್ಟೇ.

ನಮ್ಮಲ್ಲಿ ಬಿಟಿ ಹತ್ತಿ ಬಂದದ್ದು 2002ರಲ್ಲಿ, ಎರಡು ಜೀನಿನದು 2006ರಲ್ಲಿ. 2010ರಲ್ಲೇ ಗುಜರಾತಿನ ಗುಲಾಬಿ ಕಾಯಿಕೊರಕಕ್ಕೆ ಮೊದಲನೆಯದು ನಾಟುತ್ತಿಲ್ಲ ಅಂತ ಕಂಪನಿಯೇ ಒಪ್ಪಿತು. ಆಮೇಲೆ ಎರಡನೆಯದೂ ಸೋತಿತು. ಈಗ ಏನಂತಾರೆ? ತಪ್ಪು ರೈತರದ್ದಂತೆ. 450 ಗ್ರಾಂ ಬಿಟಿ ಬೀಜದ ಜೊತೆ ಕೊಟ್ಟ 120 ಗ್ರಾಂ ಸಾದಾ ಬೀಜವನ್ನು ಹೊಲದ ಸುತ್ತ ಹಾಕಲಿಲ್ಲವಂತೆ.

ಹಾಕಲಿಲ್ಲ, ನಿಜ. ಆ ಸಣ್ಣ ಪೊಟ್ಟಣ ಯಾಕೆ ಅಂತ ಯಾರು ಹೇಳಿದ್ದರು? ಸಾದಾ ಗಿಡದಲ್ಲಿ ಬದುಕಿದ ಹುಳ ಗಟ್ಟಿ ಹುಳದ ಜೊತೆ ಕೂಡಿದರೆ ಮರಿಗಳು ಬಿಟಿಗೆ ಸಾಯುತ್ತವೆ ಅನ್ನೋದು ಲೆಕ್ಕ. ಇದನ್ನು ಅಂಗಡಿ ಕಟ್ಟೆಯಲ್ಲಿ ನಿಂತು ಎರಡು ನಿಮಿಷದಲ್ಲಿ ಹೇಳಬಹುದಿತ್ತು. ನನಗೆ ಗೊತ್ತಿರುವ ಅಂಗಡಿಯವರು ಹೇಳಿದ್ದು "ಬಿಸಾಕ್ರಿ ಅದನ್ನ" ಅಂತ. ಹೇಳಿದ್ದರೂ ನಾಲ್ಕು ಸಾಲು ಹುಳಕ್ಕೆ ಬಿಡು ಅಂತ ಎರಡೆಕರೆಯವನಿಗೆ ಪುಕ್ಕಟೆ ಉಪದೇಶ ಸಾಕಾ? ಆ ಸಾಲಿನ ನಷ್ಟ ಯಾರು ತುಂಬಿಕೊಡ್ತಿದ್ರು?

ಹುಳ ತಡೆಯುವ ತಳಿ ಬೇಡ ಅಂತಿಲ್ಲ. ಫ್ಲೋರಾಟ್ಯಾಮ್ ಇದ್ದಷ್ಟು ದಿನ ಔಷಧಿ ಹೊಡೆಯೋದು ತಪ್ಪಿತು, ಬಿಟಿಯೂ ಶುರುವಿನಲ್ಲಿ ತಪ್ಪಿಸಿತು. ಆದರೆ ಪಾಕೀಟಿನ ಮೇಲೆ ಬರೆಯಲಿ: ಯಾವ ಹುಳಕ್ಕೆ, ಯಾವ ವರ್ಷದಿಂದ, ಎಲ್ಲೆಲ್ಲಿ ಸೋತಿದೆ. ಔಷಧಿ ಡಬ್ಬಿಗೆ ಮುಗಿಯುವ ದಿನಾಂಕ ಹಾಕ್ತಾರಲ್ಲ, ಹಾಗೆ. ಅಲ್ಲಿಯವರೆಗೆ ಈ ಮುಂಗಾರಿಗೆ ಬೀಜ ತರಲು ಹೋದಾಗ ನೀವೇ ಕೇಳಿ. "ಎಲ್ಲಾ ಹುಳಕ್ಕೂ" ಅಂದರೆ ಜಿಗಿಹುಳಕ್ಕೂ ನಾ ಅಂತ ಇನ್ನೊಂದು ಸಲ ಕೇಳಿ. ಬಿಟಿ ಅದಕ್ಕೆ ಯಾವತ್ತೂ ನಾಟಿದ್ದಿಲ್ಲ.