ಬಂಕ್ ಎಂದರೆ ಬುರುಡೆ

ಹೋದ ವಾರ ಮೊಮ್ಮಗ ಇಂಗ್ಲಿಷ್ ಕತೆಪುಸ್ತಕ ಹಿಡಿದು ಬಂದ. “ತಾತ, ಇಲ್ಲೊಬ್ಬ ಇನ್ನೊಬ್ಬನಿಗೆ ‘ನೀನು ಹೇಳೋದೆಲ್ಲ ಬಂಕ್’ ಅಂತಾನೆ. ಹಾಗಂದ್ರೇನು?”

ನನಗೆ ಗೊತ್ತಿದ್ದ ಬಂಕ್ ಮೂರೇ. ಪೆಟ್ರೋಲ್ ಬಂಕ್, ಹಾಸ್ಟೆಲಿನಲ್ಲಿ ಒಂದರ ಮೇಲೊಂದು ಇರುವ ಮಂಚ, ಮತ್ತೆ ಮಕ್ಕಳೇ, ನಿಮಗೆ ಚೆನ್ನಾಗಿ ಗೊತ್ತಿರುವ ಕ್ಲಾಸ್ ಬಂಕ್! ಗೊತ್ತಿಲ್ಲ ಎನ್ನಲು ಬಾಯಿ ಬರಲಿಲ್ಲ. “ಹಿಂದೆ ಪೆಟ್ರೋಲ್ ಬಂಕಿನ ಹತ್ತಿರ ಕೆಲಸವಿಲ್ಲದವರು ಕೂತು ಹರಟೆ ಹೊಡೀತಿದ್ರು ಕಣೋ. ಅದಕ್ಕೇ ಹುರುಳಿಲ್ಲದ ಮಾತಿಗೆ ಬಂಕ್ ಅನ್ನೋದು” ಎಂದುಬಿಟ್ಟೆ. ಅರ್ಥ ಹೇಗೋ ಸರಿಹೋಯಿತು. ಕತೆ ಮಾತ್ರ ನಾನೇ ಹೊಸೆದದ್ದು.

ಮಾರನೆಯ ದಿನ ಅವನು ಅದನ್ನೇ ತರಗತಿಯಲ್ಲಿ ಎದ್ದು ನಿಂತು ಹೇಳಿದನಂತೆ. ಎಲ್ಲರೂ ನಕ್ಕರಂತೆ. ಸಂಜೆ ಚೀಲ ಮೂಲೆಗೆಸೆದವನು ನನ್ನ ಕಡೆ ತಿರುಗಿಯೂ ನೋಡಲಿಲ್ಲ. “ಏನೂಂದ್ರೆ, ಮಗೂಗೆ ಯಾಕೆ ಬುರುಡೆ ಬಿಟ್ರಿ?” ಎಂದಳು ಮನೆಯಾಕೆ. ನಾನು ದಪ್ಪ ನಿಘಂಟು ತೆಗೆದೆ. ಅದು ಸಾಲದೆ ಗ್ರಂಥಾಲಯಕ್ಕೂ ಹೋಗಿಬಂದೆ.

ಬಂಕ್ ಎಂಬುದು ಬಂಕಂ ಎಂಬುದರ ಮೊಟಕು ರೂಪ. ಬಂಕಂ ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಒಂದು ಜಿಲ್ಲೆ, ಈಗಲೂ ಇದೆ. ಅದರ ಮುಖ್ಯ ಪಟ್ಟಣ ಆಶ್‌ವಿಲ್. 1820ರಲ್ಲಿ ಆ ದೇಶದ ಸಂಸತ್ತಿನಲ್ಲಿ ದೊಡ್ಡ ಚರ್ಚೆ ನಡೆದಿತ್ತು. ಮಿಸೂರಿಯನ್ನು ಹೊಸ ರಾಜ್ಯವಾಗಿ ಸೇರಿಸಿಕೊಳ್ಳುವಾಗ ಅಲ್ಲಿ ಗುಲಾಮಗಿರಿ ಇರಬೇಕೋ ಬೇಡವೋ ಎಂಬ ಪ್ರಶ್ನೆ. ಸಾವಿರಾರು ಮನುಷ್ಯರ ಬದುಕಿನ ಮಾತು. ಎಲ್ಲರೂ ದಣಿದು, ಮತಕ್ಕೆ ಹಾಕಿ ಎಂದು ಕೂಗುತ್ತಿದ್ದಾಗ ಫೆಲಿಕ್ಸ್ ವಾಕರ್ ಎಂಬ ಸದಸ್ಯ ಭಾಷಣಕ್ಕೆ ಎದ್ದ. ಸಾಕು ಕೂತುಕೋ ಎಂದರೂ ಕೇಳಲಿಲ್ಲ. ನನ್ನ ಊರಿನವರು ನನ್ನಿಂದ ಭಾಷಣ ಬಯಸುತ್ತಾರೆ, ನಾನು ಮಾತಾಡುವುದು ಬಂಕಂಗಾಗಿ ಎಂಬ ಅರ್ಥದಲ್ಲಿ ಹೇಳಿದನಂತೆ. ಎದುರಿಗಿದ್ದವರಿಗಲ್ಲ, ಊರಲ್ಲಿದ್ದವರನ್ನು ಮೆಚ್ಚಿಸಲು! ಅಲ್ಲಿಂದ ಪೊಳ್ಳು ಭಾಷಣಕ್ಕೆಲ್ಲ ಬಂಕಂ ಎಂಬ ಹೆಸರು ಅಂಟಿತು. ಕಾಗುಣಿತ ಬದಲಾಯಿತು, ಕೊನೆಗೆ ಬಾಲವೂ ಉದುರಿ ಬಂಕ್ ಆಯಿತು. 1923ರಲ್ಲಿ ವುಡ್‌ವರ್ಡ್ ಎಂಬ ಲೇಖಕ ತನ್ನ ಕಾದಂಬರಿಯಲ್ಲಿ, ಬುರುಡೆ ಬಯಲು ಮಾಡುವುದಕ್ಕೆ ಡೀಬಂಕ್ ಎಂಬ ಮಾತನ್ನೂ ಹುಟ್ಟಿಸಿದ. ಕ್ಲಾಸ್ ಬಂಕು, ಮಂಚದ ಬಂಕು ಇದರ ನೆಂಟರಲ್ಲ.

ನನಗೆ ಪಾಪ ಅನ್ನಿಸಿದ್ದು ಎಡ್ವರ್ಡ್ ಬಂಕಂ ಎಂಬ ಕರ್ನಲ್ಲನ ವಿಷಯ. ಅಮೆರಿಕದ ಸ್ವಾತಂತ್ರ್ಯಕ್ಕಾಗಿ ಹೋರಾಡಿ, ಗಾಯಗೊಂಡು, ಬ್ರಿಟಿಷರ ಸೆರೆಯಲ್ಲಿದ್ದಾಗಲೇ 1778ರಲ್ಲಿ ತೀರಿಕೊಂಡ. ಅವನ ಗೌರವಕ್ಕೆಂದೇ ಜಿಲ್ಲೆಗೆ ಆ ಹೆಸರಿಟ್ಟದ್ದು. ಯಾರೋ ಉದ್ದ ಮಾತಾಡಿದರು, ಇವನ ಹೆಸರು ಬುರುಡೆಯಾಯಿತು.

ಇದನ್ನೆಲ್ಲ ಹೇಳಿ, “ಮೊನ್ನೆ ನಾನು ಹೇಳಿದ್ದು ಸುಳ್ಳು ಕಣಪ್ಪಾ” ಎಂದೆ. ಹುಡುಗ ಸ್ವಲ್ಪ ಹೊತ್ತು ಸುಮ್ಮನಿದ್ದ. “ಹಾಗೇಂತ ನಮ್ಮ ಟೀಚರ್‌ಗೆ ಚೀಟಿ ಬರೆದುಕೊಡಿ ತಾತ.”

ಬರೆದು, ಸಹಿ ಹಾಕಿ ಕೊಟ್ಟೆ. ಬ್ಯಾಂಕಿನಲ್ಲಿ ಬೇರೆಯವರ ಲೆಕ್ಕ ತಾಳೆ ನೋಡಿಯೇ ಬಾಳು ಸವೆಸಿದವನು ನಾನು. ಈಗ ಮೊಮ್ಮಗ ನಿಘಂಟನ್ನು ತೊಡೆಯ ಮೇಲಿಟ್ಟುಕೊಂಡು, ನನ್ನ ಚೀಟಿಯ ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ತಾಳೆ ನೋಡುತ್ತಿದ್ದ.