ಮೀಟರು ಹೇಳುವ ಲೆಕ್ಕ

ವಿದ್ಯುತ್ತಿನ ಬಿಲ್ಲು ಬಂದ ದಿನ ಎಷ್ಟೋ ಮನೆಗಳಲ್ಲಿ ಒಂದು ಸಣ್ಣ ವಿಚಾರಣೆ ನಡೆಯುತ್ತದೆ. ನಡುಮನೆಯ ದೀಪವನ್ನು ಆರಿಸದ ಮಗ, ಹೊತ್ತು ಮೀರಿ ಓದುವ ಮಗಳು, ಇವರೇ ಅಪರಾಧಿಗಳೆಂದು ತೀರ್ಪಾಗುತ್ತದೆ. ಆದರೆ ಮುಂದಿನ ತಿಂಗಳ ಬಿಲ್ಲು ಇಳಿಯುವುದಿಲ್ಲ. ಕಳ್ಳನು ಬಚ್ಚಲುಮನೆಯಲ್ಲಿ ಅಡಗಿರುವಾಗ ನಡುಮನೆಯಲ್ಲಿ ಹುಡುಕಿದರೆ ಸಿಕ್ಕಾನೆಯೇ?

ಲೆಕ್ಕವೇನೂ ಕಠಿಣವಾದುದಲ್ಲ. ಸಾವಿರ ವಾಟಿನ ಉಪಕರಣವು ಒಂದು ಗಂಟೆ ನಡೆದರೆ ಒಂದು ಯೂನಿಟ್. 9 ವಾಟಿನ ಎಲ್‌ಇಡಿ ದೀಪವು ದಿನಕ್ಕೆ 5 ಗಂಟೆಯಂತೆ ತಿಂಗಳೆಲ್ಲ ಉರಿದರೂ ಒಂದೂವರೆ ಯೂನಿಟನ್ನು ಮುಟ್ಟುವುದಿಲ್ಲ. ಆದರೆ 25 ಲೀಟರಿನ ಗೀಸರಿನ ನೀರು 25 ಡಿಗ್ರಿಯಿಂದ 60 ಡಿಗ್ರಿಗೆ ಕಾಯಬೇಕಾದರೆ ಒಂದೇ ಸಲಕ್ಕೆ ಒಂದು ಯೂನಿಟ್ ವ್ಯಯವಾಗುತ್ತದೆ. ಮಗಳ ಒಂದು ತಿಂಗಳ ಓದಿನ ಬೆಳಕಿಗಿಂತ ಮನೆಯವರ ಎರಡು ದಿನದ ಸ್ನಾನದ ನೀರೇ ದುಬಾರಿ!

ಕರ್ನಾಟಕದ ಗೃಹಿಣಿಯರಿಗೆ ಈ ಲೆಕ್ಕದಲ್ಲಿ ಇನ್ನೊಂದು ಸ್ವಾರಸ್ಯವಿದೆ. 2023 ರಲ್ಲಿ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯು ಪ್ರತಿಯೊಂದು ಮನೆಗೂ ಅದರ ಹಿಂದಿನ ಸರಾಸರಿ ಬಳಕೆಯನ್ನು ಅನುಸರಿಸಿ ಉಚಿತ ವಿದ್ಯುತ್ತಿನ ಮಿತಿಯನ್ನು ಗೊತ್ತುಮಾಡಿತು. ಮಿತಿಯನ್ನು ಮೀರಿದಷ್ಟಕ್ಕೆ ಹಣ ತೆರಬೇಕು. 200 ಯೂನಿಟನ್ನು ದಾಟಿದ ತಿಂಗಳಂತೂ ಪೂರ್ತಿ ಬಿಲ್ಲನ್ನೇ ತೆರಬೇಕು. ಅಂಚಿನಲ್ಲಿರುವ ಸಂಸಾರಕ್ಕೆ ಒಂದೆರಡು ಯೂನಿಟು ಎಂದರೆ ಒಂದೆರಡು ರೂಪಾಯಿಯ ಮಾತಲ್ಲ.

ಬೆಳಗಿನ ಐದೂವರೆಗೆ ಗೀಸರಿನ ಗುಂಡಿ ಒತ್ತಿ, ಎಂಟು ಗಂಟೆಗೆ ಕೊನೆಯವರ ಸ್ನಾನವಾಗುವವರೆಗೆ ಹಾಗೆಯೇ ಬಿಡುವ ಮನೆಗಳುಂಟು. ನಡುವೆ ನೀರು ಆರುತ್ತದೆ; ಮತ್ತೆ ಕಾಯುತ್ತದೆ. ಅಂತಹ ಮನೆಯ ಸೊಸೆಗೆ ಅತ್ತೆ ಹೇಳುವ ಮಾತು ಒಂದೇ: “ಹಂಡೆಯ ಕಾಲದಲ್ಲಿ ಒಬ್ಬರ ಹಿಂದೆ ಒಬ್ಬರು ಸ್ನಾನ ಮುಗಿಸುತ್ತಿದ್ದೆವಮ್ಮ. ಒಲೆ ಯಾರಿಗೂ ಕಾದುಕೊಂಡು ಕೂರುತ್ತಿರಲಿಲ್ಲ.” ಮಾತು ಹಳೆಯದಾದರೂ ವಿಜ್ಞಾನ ಅದರ ಕಡೆಗೇ ಇದೆ. ಸ್ನಾನಗಳು ಸಾಲಾಗಿ ನಡೆಯಲಿ, ನೀರು ಕಾದೊಡನೆ ಗುಂಡಿ ಆರಲಿ. ಬಕೆಟ್ಟಿನಲ್ಲಿ ಸ್ನಾನ ಮಾಡುವವರಿಗೆ ನೀರಿನ ಅಳತೆ ಕಣ್ಣಿಗೆ ಕಾಣುತ್ತದೆ; ಶವರಿನ ಕೆಳಗೆ ನಿಂತವರಿಗೆ ಅದು ತಿಳಿಯದು.

ಅಡುಗೆಮನೆಯಲ್ಲಿಯೂ ಇದೇ ನೀತಿ. ತೆರೆದ ಪಾತ್ರೆಯ ನೀರು ಒಮ್ಮೆ ಕುದಿ ಹತ್ತಿದ ಮೇಲೆ 100 ಡಿಗ್ರಿಯನ್ನು ದಾಟುವುದಿಲ್ಲ. ಅನಂತರ ಉರಿಯನ್ನು ಎಷ್ಟು ಹೆಚ್ಚಿಸಿದರೂ ಆವಿ ಹೆಚ್ಚೀತೇ ಹೊರತು ಬೇಳೆ ಬೇಗ ಬೇಯದು. ಕುಕ್ಕರಿನಲ್ಲಿ ಒತ್ತಡದಿಂದ ನೀರು ಸುಮಾರು 120 ಡಿಗ್ರಿಯವರೆಗೆ ಏರುವುದರಿಂದಲೇ ಅಲ್ಲಿ ಬೇಳೆ ಬೇಗ ಬೇಯುವುದು. ಮೊದಲ ಸೀಟಿಯಾದೊಡನೆ ಉರಿಯನ್ನು ತಗ್ಗಿಸಿದರೆ ಸಾಕು. ಅನ್ನ, ಬೇಳೆ, ತರಕಾರಿ ಮೂರನ್ನೂ ಒಂದರ ಮೇಲೊಂದು ಡಬ್ಬಿಯಲ್ಲಿಟ್ಟರೆ ಒಂದೇ ಉರಿಯಲ್ಲಿ ಮೂರು ಅಡುಗೆ. ಕಡಲೆ, ಹುರುಳಿಗಳನ್ನು ರಾತ್ರಿಯೇ ನೆನೆಹಾಕುವುದು, ಪಾತ್ರೆಗೆ ಮುಚ್ಚಳ ಮುಚ್ಚುವುದು, ಉರಿಯು ಪಾತ್ರೆಯ ತಳವನ್ನು ಮೀರಿ ಹೊರಚಾಚದಂತೆ ನೋಡುವುದು, ಇವು ಕಾಸಿಲ್ಲದ ಉಪಾಯಗಳು. ಗ್ಯಾಸಿನ ಉರಿ ನೀಲಿಯಾಗಿರದೆ ಹಳದಿಗೆ ತಿರುಗಿದರೆ ಬರ್ನರನ್ನು ಶುದ್ಧಮಾಡುವ ಕಾಲ ಬಂದಿತೆಂದು ತಿಳಿಯಬೇಕು.

ನಮ್ಮ ಹಿರಿಯರ ಮಣ್ಣಿನ ಒಲೆಗೆ ಕೋಡೊಲೆಯೊಂದು ಇರುತ್ತಿದ್ದಿತು. ಅನ್ನ ಬೇಯಿಸಿ ಮಿಕ್ಕ ಶಾಖದಲ್ಲಿಯೇ ಅಲ್ಲಿ ಸಾರು ಬಿಸಿಯಾಗುತ್ತಿದ್ದಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974 ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮುಂದೆ ರೂಪಿಸಿದ ಅಸ್ತ್ರ ಒಲೆಯಲ್ಲಿಯೂ ಒಂದೇ ಬೆಂಕಿಯ ಶಾಖವು ಪಾತ್ರೆಯಿಂದ ಪಾತ್ರೆಗೆ ಸಾಗಿ, ಕೊನೆಗೆ ಹೊಗೆಗೊಳವಿಯನ್ನು ಸೇರುತ್ತದೆ.

ಫ್ಯಾನಿನ ವಿಷಯದಲ್ಲಿ ಒಂದು ಮಾತು. ಹಳೆಯ 75 ವಾಟಿನ ಫ್ಯಾನು ದಿನಕ್ಕೆ 10 ಗಂಟೆ ತಿರುಗಿದರೆ ತಿಂಗಳಿಗೆ ಇಪ್ಪತ್ತೆರಡೂವರೆ ಯೂನಿಟ್; 30 ವಾಟಿನ ಹೊಸ ಬಗೆಯದಕ್ಕೆ 9 ಯೂನಿಟ್ ಸಾಕು. ಆದರೂ ಹಳೆಯದು ಕೆಟ್ಟಾಗ ಹೊಸದನ್ನು ಕೊಂಡರಾಯಿತು. ಉಳಿತಾಯಕ್ಕಾಗಿ ಸಾಲ ಮಾಡುವುದು ಜಾಣತನವಲ್ಲ.

ಪ್ರತಿ ಭಾನುವಾರ ಮೀಟರಿನ ಅಂಕೆಯನ್ನು ಕ್ಯಾಲೆಂಡರಿನ ಅಂಚಿನಲ್ಲಿ ಬರೆದಿಡುವ ಗೃಹಿಣಿಗೆ ತಿಂಗಳ ಕೊನೆಯಲ್ಲಿ ಗಾಬರಿಯಿಲ್ಲ. ಯಾವ ವಾರ ಏರಿತು, ಏಕೆ ಏರಿತು ಎಂಬುದು ಆಕೆಗೆ ಆಗಲೇ ತಿಳಿದಿರುತ್ತದೆ. ಮಕ್ಕಳನ್ನು ಗದರಿಸುವ ಪ್ರಮೇಯವೂ ಬಾರದು. ಮಗಳು ಹೊತ್ತು ಮೀರಿಯೇ ಓದಲಿ. ಆ ದೀಪವನ್ನು ಆರಿಸಿ ಉಳಿಸುವಂತಹುದೇನೂ ಇಲ್ಲ.