ನಂಜಮ್ಮನನ್ನು ಬರೆದ ಕೈ

ಎಸ್.ಎಲ್. ಭೈರಪ್ಪನವರಿಗೆ ಹೆಣ್ಣನ್ನು ಬರೆಯೋಕೆ ಬರುತ್ತಿರಲಿಲ್ಲ ಅಂತ ಯಾರಾದರೂ ಅಂದರೆ ನಾನು ಜಗಳಕ್ಕೇ ನಿಲ್ಲುತ್ತೇನೆ. 1970ರ ‘ಗೃಹಭಂಗ’ದ ನಂಜಮ್ಮನನ್ನು ನೋಡಿ. ಕೈಲಾಗದ ಶ್ಯಾನುಭೋಗ ಗಂಡನ ಲೆಕ್ಕ ತಾನೇ ಬರೀತಾಳೆ, ಪ್ಲೇಗಿಗೆ ಮಕ್ಕಳನ್ನು ಕಳೆದುಕೊಳ್ತಾಳೆ, ಮತ್ತೆ ಎದ್ದು ಒಲೆ ಹೊತ್ತಿಸ್ತಾಳೆ. ಆಕೆ ಹಳೇ ಮೈಸೂರಿನ ಕಡೆಯಾಕೆ. ಆದರೂ ನವಲಗುಂದದ ನಮ್ಮ ಓಣಿಯಲ್ಲಿ ಅಂಥ ನಾಲ್ಕು ಮಂದಿಯನ್ನು ತೋರಿಸಬಲ್ಲೆ.

ನನ್ನ ತಕರಾರು ಇರೋದೇ ಇಲ್ಲಿ. ಅದೇ ಕೈ 40 ವರ್ಷದ ನಂತರ, 2010ರಲ್ಲಿ, ‘ಕವಲು’ ಬರೆದು ಮಂಗಳೆಯನ್ನು ನಮ್ಮ ಮುಂದೆ ನಿಲ್ಲಿಸಿತು.

ಮಂಗಳೆ ಸ್ತ್ರೀವಾದ ಓದಿದಾಕೆ, ಜಯಕುಮಾರನ ಎರಡನೇ ಹೆಂಡತಿ, ಗಂಡನ ಮೇಲೆ ಕಾನೂನನ್ನು ಆಯುಧದಂತೆ ಬಳಸೋಳು. ಇಂಥವರು ಇಲ್ಲವಾ? ಇದ್ದಾರೆ. ಸುಳ್ಳು ಕೇಸು ಹಾಕೋರೂ ಇದ್ದಾರೆ. ಅಷ್ಟು ತಿಳಿಯೋಕೆ ಪೇಪರ್ ಸಾಕು, ಕಾದಂಬರಿ ಯಾಕೆ ಬೇಕು? ಆಕೆಗೆ ರಾತ್ರಿ ನಿದ್ದೆ ಬರ್ತದಾ, ಯಾವುದಕ್ಕೆ ಹೆದರ್ತಾಳೆ, ಯಾರ ಎದುರು ಅಳ್ತಾಳೆ ಅನ್ನೋದನ್ನು ಕಾದಂಬರಿಕಾರ ಹೇಳಬೇಕು. ಪುಟ ತಿರುವಿದಷ್ಟೂ ನನಗೆ ಸಿಕ್ಕ ಉತ್ತರ ಒಂದೇ: ಓದಿದ ಸ್ತ್ರೀವಾದ ಆಕೆಯನ್ನು ಕೆಡಿಸಿತು.

ಇನ್ನೂ ನೋವಾಗೋದು ಜಯಕುಮಾರನ ಮಗಳ ವಿಷಯದಲ್ಲಿ. ತಾಯಿಯನ್ನು ಕಳೆದುಕೊಂಡ, ಬುದ್ಧಿಶಕ್ತಿ ಕುಂದಿದ ಹುಡುಗಿ. ಅವಳ ಮನಸ್ಸಿನೊಳಗೆ ಕಾದಂಬರಿ ಹೊಕ್ಕು ಕೂರೋದೇ ಇಲ್ಲ. ಯಾವ ಹೆಂಗಸು ಒಳ್ಳೆಯವಳು, ಯಾವಾಕೆ ಕೆಟ್ಟವಳು ಅಂತ ತೂಗೋ ತಕ್ಕಡಿ ಆಗಿಬಿಡ್ತಾಳೆ.

ಬೇರೆ ಥರ ಬರೆಯಬಹುದು ಅಂತ ಕನ್ನಡಕ್ಕೆ ಬಹಳ ಮೊದಲೇ ಗೊತ್ತಿತ್ತು. ಮನಶ್ಶಾಸ್ತ್ರ ಓದಿದ್ದ ತ್ರಿವೇಣಿ 1963ರಲ್ಲಿ, ಹೆರಿಗೆಯಾದ ಕೆಲವೇ ದಿನಕ್ಕೆ, ತೀರಿಕೊಂಡರು. ಅಷ್ಟರೊಳಗೆ ‘ಶರಪಂಜರ’ದ ಕಾವೇರಿಯನ್ನು ಕೊಟ್ಟುಹೋದರು. ಹೆರಿಗೆಯ ನಂತರ ಕಾವೇರಿಯ ಮನಸ್ಸು ಕದಡುತ್ತದೆ, ಆಸ್ಪತ್ರೆಯಲ್ಲಿ ವಾಸಿಯೂ ಆಗುತ್ತದೆ. ಮನೆಗೆ ಬಂದರೆ ಗಂಡನ ಕಣ್ಣು, ನೆರೆಹೊರೆಯ ಕಣ್ಣು ಎರಡೂ ಬದಲಾಗಿರುತ್ತವೆ. ಆ ನೋಟವೇ ಅವಳನ್ನು ಮತ್ತೆ ಕಾಯಿಲೆಗೆ ತಳ್ಳುತ್ತದೆ. 1971ರಲ್ಲಿ ಪುಟ್ಟಣ್ಣ ಕಣಗಾಲ್ ಅದನ್ನು ಸಿನಿಮಾ ಮಾಡಿದ ಮೇಲೆ ಪುಸ್ತಕ ಮುಟ್ಟದವರಿಗೂ ಕಾವೇರಿ ಗೊತ್ತಾದಳು.

ಇದೆಲ್ಲ ಬರೀ ಸಾಹಿತ್ಯದ ಜಗಳ ಅಂದುಕೊಳ್ಳಬೇಡಿ. ಧಾರವಾಡದಲ್ಲಿ 1845ರಿಂದ ಮಾನಸಿಕ ಆಸ್ಪತ್ರೆ ಇದೆ, ಈಗಿನ ಡಿಮ್ಹಾನ್ಸ್. ಆದರೂ ಸುತ್ತಲ ಹಳ್ಳಿಗಳಲ್ಲಿ ಬಾಣಂತಿ ನಿದ್ದೆಗೆಟ್ಟು ಗೋಡೆ ನೋಡ್ತಾ ಕೂತರೆ ಮೊದಲು ಬರೋ ಮಾತು, “ಗಾಳಿ ಸೋಕೇತಿ.” ಎರಡನೇದು, “ಸಾಲಿ ಕಲತಾಕಿ, ಸೊಕ್ಕು ಭಾಳ. ನಾಟಕಾ ಮಾಡಾಕತ್ತಾಳ.” ನಮ್ಮ ಸಂಬಂಧಿಕರೊಬ್ಬರ ಮನೆಯಲ್ಲಿ, ಕಲಘಟಗಿಯ ಬಣ್ಣದ ತೊಟ್ಟಿಲ ಪಕ್ಕದಲ್ಲೇ, ಈ ಮಾತು ಕೇಳಿದ್ದೇನೆ. ಆ ಹುಡುಗಿಯನ್ನು ಡಾಕ್ಟರ ಹತ್ತಿರ ಕರೆದೊಯ್ಯೋಕೆ ಮೂರು ತಿಂಗಳು ಹಿಡಿಯಿತು. ಔಷಧಿ ಶುರುವಾಗಿ ಕೆಲವು ವಾರಕ್ಕೆ ತಾನಾಗೇ ಮಗುವನ್ನು ಎತ್ತಿಕೊಂಡಳು.

ಆ ಮನೆಯ ಅತ್ತೆ ‘ಕವಲು’ ಓದಿ ಆ ಮಾತು ಕಲಿತಿದ್ದಲ್ಲ. ಓದಿದವರು ನಾವು, ಬೆಂಗಳೂರಿನ ಆಫೀಸುಗಳಲ್ಲಿ ಕೂತಿರೋ ಆಕೆಯ ಮಗ, ಆ ಹುಡುಗಿಯ ಅಣ್ಣ. ಊರಿಂದ ಫೋನ್ ಬಂದಾಗ “ಮೊದಲು ಡಾಕ್ಟರಿಗೆ ತೋರಸ್ರಿ” ಅನ್ನಬೇಕಾದವರು, 14416ಕ್ಕೆ, ಅಂದರೆ ಟೆಲಿ ಮಾನಸ್‌ಗೆ, ಫೋನ್ ಹಚ್ಚಿಕೊಡಬೇಕಾದವರು. ಅಷ್ಟು ದೊಡ್ಡ ಲೇಖಕರೇ ಓದಿದ ಹೆಣ್ಣಿನ ಸಿಟ್ಟು, ಸಂಕಟ ಎಲ್ಲವನ್ನೂ ಸಿದ್ಧಾಂತದ ಖಾತೆಗೆ ಬರೆದರೆ, “ಸೊಕ್ಕು” ಅನ್ನೋ ಅತ್ತೆಯ ಮಾತಿಗೆ ನಮ್ಮ ಕೈಯಲ್ಲಿ ಪುಸ್ತಕದ ಆಧಾರ ಸಿಕ್ಕಂಗಾಗ್ತದೆ. ಮೂರು ತಿಂಗಳು ಆರಾಗ್ತದೆ.

2025ರ ಸೆಪ್ಟೆಂಬರಿನಲ್ಲಿ ಭೈರಪ್ಪನವರು ಹೋದರು. ಉತ್ತರ ಕೊಡೋಕೆ ಅವರಿಲ್ಲ, ಆದರೆ ಓದೋಕೆ ನಾವಿದ್ದೇವೆ. ಮಂಗಳೆಯನ್ನು ನಂಬೋ ಮೊದಲು ನಂಜಮ್ಮನನ್ನು ಇನ್ನೊಮ್ಮೆ ಓದಿ. ಹೆಣ್ಣಿನ ಮನಸ್ಸನ್ನು ಹೇಗೆ ಬರೀಬೇಕು ಅಂತ ಅವರೇ ಅಲ್ಲಿ ತೋರಿಸಿಕೊಟ್ಟಿದ್ದಾರೆ.